ಕೆರೆ, ಮರ, ಗಾಳಿ, ನೀರಿಗಾಗಿ ಮನವಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಊರಿನ ಕೆರೆಗೆ ಚರಂಡಿ ನೀರು ಬಿಡಬೇಡಿ ಅಂತ ಮೊದಲ ಸಲ ಮನವಿ ಕೊಡಲು ಹೋದಾಗ, ಕಚೇರಿಯಲ್ಲಿ ಯಾವ ಕಿಟಕಿ ಮುಂದೆ ನಿಲ್ಲಬೇಕು ಅನ್ನೋದೂ ನನಗೆ ಗೊತ್ತಿರಲಿಲ್ಲ. ನಾಲ್ಕಾರು ವರ್ಷ ಓಡಾಡಿ ಕಲಿತೆ. ಆಮೇಲೆ ಅಕ್ಕಪಕ್ಕದ ಊರಿನವರು ಕೇಳಲು ಶುರು ಮಾಡಿದರು. ಫೋನಿನಲ್ಲಿ, ಪತ್ರದಲ್ಲಿ, ಸಂತೆಯಲ್ಲಿ ಸಿಕ್ಕಾಗ, ಗ್ರಾಮಸಭೆ ಮುಗಿದ ಮೇಲೆ ಅರಳಿಕಟ್ಟೆ ಹತ್ತಿರ ನಿಂತು ಅವರು ಕೇಳಿದ ಪ್ರಶ್ನೆಗಳು ಇವು. ಕೇಳಿದ ಮಾತಿನಲ್ಲೇ ಬರೆದಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಯನ್ನು ಮಾತ್ರ ಓದಿಕೊಂಡರೂ ಸಾಕು.

## ಶುರು ಮಾಡುವ ಮುಂಚೆ

ನಾವು ಸಾಮಾನ್ಯ ಜನ. ನಾವು ಬರೆದ ಕಾಗದಕ್ಕೆ ಸರ್ಕಾರ ಯಾಕೆ ಕಿವಿ ಕೊಡುತ್ತೆ?

ಬಾಯಲ್ಲಿ ಹೇಳಿದ ಮಾತು ಆ ದಿನಕ್ಕೇ ಮುಗಿಯುತ್ತದೆ. "ನನ್ನ ಗಮನಕ್ಕೆ ಬಂದಿರಲಿಲ್ಲ" ಅಂತ ಅಧಿಕಾರಿ ಮುಂದೆ ಹೇಳಬಹುದು. ಕಾಗದ ಕೊಟ್ಟು, ಅದಕ್ಕೆ ಸೀಲು ಬಿದ್ದ ಮೇಲೆ ಆ ಮಾತು ಹೇಳಲು ಬರುವುದಿಲ್ಲ. ಆ ತಾರೀಕಿನಿಂದ ಅವರಿಗೆ ವಿಷಯ ಗೊತ್ತಿತ್ತು ಅಂತ ಲೆಕ್ಕ. ಅಧಿಕಾರಿಗೆ ವರ್ಗಾವಣೆ ಆದರೂ ಕಡತ ಅಲ್ಲೇ ಇರುತ್ತದೆ. ಮುಂದೆ ಮಾಹಿತಿ ಹಕ್ಕಿನಲ್ಲಿ ಕೇಳಲು, ಶಾಸಕರು ಸದನದಲ್ಲಿ ಪ್ರಶ್ನೆ ಎತ್ತಲು, ಕೋರ್ಟಿಗೆ ಹೋಗಲು ಎಲ್ಲದಕ್ಕೂ ಆ ಒಂದು ಹಾಳೆಯೇ ಬುನಾದಿ.

ಹಾಗಾಗಿ ಮನವಿ ಕೊಡುವಾಗ ಕೈಕಟ್ಟಿ ನಿಲ್ಲಬೇಕಿಲ್ಲ. ಮರ್ಯಾದೆಯಿಂದ ಮಾತಾಡಿ, ಆದರೆ ಹೆದರಬೇಡಿ. ನೀವು ಒಂದು ದಾಖಲೆ ಹುಟ್ಟುಹಾಕಲು ಹೋಗಿದ್ದೀರಿ.

ಮನವಿ, ದೂರು, ಆಕ್ಷೇಪಣೆ ಎಲ್ಲಾ ಒಂದೇ ಅಲ್ವಾ?

ಮೇಲ್ನೋಟಕ್ಕೆ ಒಂದೇ. ಕಚೇರಿಯ ಲೆಕ್ಕದಲ್ಲಿ ಬೇರೆ ಬೇರೆ. ಏನಾದರೂ ಮಾಡಿಕೊಡಿ ಅಂತ ಕೇಳುವುದು ಮನವಿ. ಕಾನೂನು ಮುರಿದಿದ್ದಾರೆ, ಕ್ರಮ ತಗೊಳ್ಳಿ ಅನ್ನುವುದು ದೂರು. ಸರ್ಕಾರವೇ ಮುಂದಾಗಿ "ಹೀಗೆ ಮಾಡಲಿದ್ದೇವೆ, ನಿಮ್ಮ ಅಭಿಪ್ರಾಯ ಹೇಳಿ" ಎಂದಾಗ ಬರೆಯುವುದು ಆಕ್ಷೇಪಣೆ. ಆಕ್ಷೇಪಣೆಗೆ ಕಡೇ ದಿನ ಅಂತ ಒಂದಿರುತ್ತದೆ. ಅದು ದಾಟಿದ ಮೇಲೆ ಎಷ್ಟು ಒಳ್ಳೆಯ ಪತ್ರ ಬರೆದರೂ ಲೆಕ್ಕಕ್ಕೆ ತಗೊಳ್ಳಬೇಕು ಅಂತೇನಿಲ್ಲ. ವಿಷಯದ ಸಾಲಿನಲ್ಲಿ ಆ ಪದವನ್ನೇ ಬರೆಯಿರಿ. ಟಪಾಲು ವಿಭಾಗದವರು ಓದುವುದು ಮೊದಲು ಆ ಒಂದು ಸಾಲನ್ನು.

ಕನ್ನಡದಲ್ಲಿ ಬರೆದರೆ ನಡೆಯುತ್ತಾ? ಇಂಗ್ಲಿಷ್ ಬೇಕೇ ಬೇಕಾ?

ಧಾರಾಳವಾಗಿ ನಡೆಯುತ್ತದೆ. ಸಂವಿಧಾನದ 350ನೇ ವಿಧಿ ಇದನ್ನು ನೇರವಾಗಿ ಹೇಳುತ್ತದೆ. ಕುಂದುಕೊರತೆ ಹೇಳಿಕೊಳ್ಳಲು ಯಾರು ಬೇಕಾದರೂ, ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಬರೆಯಬಹುದು. ಅಂದರೆ ಹೆದ್ದಾರಿ ಪ್ರಾಧಿಕಾರ, ರೈಲ್ವೆ ಇಲಾಖೆಗೂ ಕನ್ನಡದಲ್ಲಿ ಬರೆಯುವ ಹಕ್ಕು ನಿಮಗಿದೆ.

ಈ ಭಾಷೆಯ ವಿಷಯ ಚಿಕ್ಕದಲ್ಲ. 2020ರಲ್ಲಿ ಕೇಂದ್ರ ಸರ್ಕಾರ ಪರಿಸರ ಪರಿಣಾಮ ಅಧ್ಯಯನದ ಹೊಸ ಕರಡು ನಿಯಮ ಹೊರಡಿಸಿ ಜನರ ಅಭಿಪ್ರಾಯ ಕೇಳಿತು. ಕರಡು ಇದ್ದದ್ದು ಇಂಗ್ಲಿಷ್, ಹಿಂದಿಯಲ್ಲಿ. ನಮ್ಮ ಭಾಷೆಗಳಲ್ಲೂ ಕೊಡಿ ಅಂತ ಜನ ಕೋರ್ಟಿಗೆ ಹೋದರು. ದೆಹಲಿ ಹೈಕೋರ್ಟ್ ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿರುವ, ಕನ್ನಡವೂ ಸೇರಿದ ಭಾಷೆಗಳಿಗೆ ಅನುವಾದಿಸಿ ಎಂದಿತು. ನಮ್ಮ ಕರ್ನಾಟಕ ಹೈಕೋರ್ಟ್ ಆಗಸ್ಟ್‌ನಲ್ಲಿ ಅಂತಿಮ ಅಧಿಸೂಚನೆ ಹೊರಡಿಸದಂತೆ ಮಧ್ಯಂತರ ತಡೆ ಕೊಟ್ಟಿತು. ಲಕ್ಷಗಟ್ಟಲೆ ಪತ್ರಗಳು ಹೋದವು. ಆ ಕರಡು ಕೊನೆಗೂ ನಿಯಮವಾಗಲಿಲ್ಲ. ಅರ್ಥವಾಗದ ಭಾಷೆಯಲ್ಲಿ ಅಭಿಪ್ರಾಯ ಕೇಳಿದರೆ ಅದು ಕೇಳಿದಂತೆಯೇ ಅಲ್ಲ ಅಂತ ಜನ ಪಟ್ಟು ಹಿಡಿದಿದ್ದರಿಂದ ಇಷ್ಟಾಯಿತು.

ಯಾರಿಗೆ ಬರೆಯಬೇಕು? ನೇರ ಮುಖ್ಯಮಂತ್ರಿಗೇ ಕಳಿಸಿದರೆ ಬೇಗ ಆಗಲ್ವಾ?

ಆಗುವುದಿಲ್ಲ. ಮೇಲಿಂದ ಅದು "ಸೂಕ್ತ ಕ್ರಮಕ್ಕಾಗಿ" ಅಂತ ಇಲಾಖೆಗೆ, ಅಲ್ಲಿಂದ ಜಿಲ್ಲೆಗೆ, ಅಲ್ಲಿಂದ ತಾಲ್ಲೂಕಿಗೆ ಇಳಿದು ಬರುತ್ತದೆ. ಕೊನೆಗೆ ತಲುಪುವುದು ನಿಮ್ಮ ಊರಿಗೆ ಹತ್ತು ಕಿಲೋಮೀಟರ್ ದೂರದ ಮೇಜಿಗೇ. ಆ ಮೇಜಿಗೆ ನೇರವಾಗಿ ಬರೆದು, ಮೇಲಿನವರಿಗೆ ಪ್ರತಿ ಹಾಕಿ.

ಆ ಮೇಜು ಯಾವುದು ಅಂತ ಹುಡುಕುವುದೇ ಅರ್ಧ ಕೆಲಸ. ಕೆರೆಯ ಉದಾಹರಣೆ ತಗೊಳ್ಳಿ. ಅಚ್ಚುಕಟ್ಟು, ಅಂದರೆ ಕೆರೆ ನೀರು ಹರಿಯುವ ಜಮೀನು, 40 ಹೆಕ್ಟೇರಿಗಿಂತ ಕಡಿಮೆ ಇದ್ದರೆ ಕೆರೆ ಪಂಚಾಯತ್ ರಾಜ್ ಸಂಸ್ಥೆಗಳ ಕಡೆಗೆ. 40ರಿಂದ 2000 ಹೆಕ್ಟೇರ್ ಇದ್ದರೆ ಸಣ್ಣ ನೀರಾವರಿ ಇಲಾಖೆ. ಕೆರೆ ಜಾಗ ಒತ್ತುವರಿ ಆಗಿದ್ದರೆ ಅಳತೆ ಮಾಡಿಸಿ ತೆರವು ಮಾಡಿಸುವುದು ತಹಶೀಲ್ದಾರರ ಕೆಲಸ. ಪಟ್ಟಣದ ಒಳಚರಂಡಿ ನೀರು ಬರುತ್ತಿದ್ದರೆ ಪುರಸಭೆ, ಜೊತೆಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ. ಒಂದೇ ಕೆರೆಗೆ ನಾಲ್ಕು ಕಚೇರಿ! ಯಾರಿಗೆ ಯಾವುದು ಸಂಬಂಧವೋ ಅದನ್ನು ಮಾತ್ರ ಅವರಿಗೆ ಬರೆಯಿರಿ. ಎಲ್ಲವನ್ನೂ ಒಂದೇ ಪತ್ರದಲ್ಲಿ ತುಂಬಿದರೆ ಪ್ರತಿಯೊಬ್ಬರೂ "ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ.

ಕ್ವಾರಿ, ಮರಳು ಅಂದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆ. ಕುಡಿಯುವ ನೀರು, ಬೀದಿ ಕಸ ಅಂದರೆ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ (ಪಿಡಿಒ). ಬೆಂಗಳೂರಿನವರು ಇನ್ನೂ ಬಿಬಿಎಂಪಿ ಹೆಸರಿಗೇ ಬರೆಯುತ್ತಿದ್ದರೆ ನಿಲ್ಲಿಸಿ. 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳಿವೆ. ನಿಮ್ಮ ವಾರ್ಡು ಯಾವುದರಲ್ಲಿದೆ ಅಂತ ನೋಡಿಕೊಂಡು ಆ ಆಯುಕ್ತರಿಗೆ ಬರೆಯಿರಿ.

ಒಬ್ಬನೇ ಬರೆದರೆ ಸಾಕಾ? ಎಷ್ಟು ಸಹಿ ಬೇಕು?

ಇಷ್ಟೇ ಸಹಿ ಬೇಕು ಅನ್ನುವ ನಿಯಮ ಇಲ್ಲ. ಒಬ್ಬರು ಬರೆದರೂ ಕಚೇರಿ ತಗೊಳ್ಳಲೇಬೇಕು.

ಕಾಸರಗೋಡಿನ ಎಂಡೋಸಲ್ಫಾನ್ ಕೀಟನಾಶಕದ ಕಥೆ ನೆನಪಿಸಿಕೊಳ್ಳಿ. ಅಲ್ಲಿನ ಗೇರು ತೋಟಗಳಿಗೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ವಿಷ ಸಿಂಪಡಿಸುತ್ತಿದ್ದರು. ಕೃಷಿ ಇಲಾಖೆಯಲ್ಲಿ ಕೆಲಸಕ್ಕಿದ್ದ ಲೀಲಾಕುಮಾರಿ ಅಮ್ಮ ಇದರ ವಿರುದ್ಧ ದೂರು ಕೊಟ್ಟರು. ಆಮೇಲೆ ಅದೇ ಜಿಲ್ಲೆಯ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋಗಿ 1998ರಲ್ಲಿ ತಡೆಯಾಜ್ಞೆ ತಂದರು. ಅದೇ ಹೊತ್ತಿಗೆ ಕನ್ನಡ ಮಾತಾಡುವ ಪಡ್ರೆ ಗ್ರಾಮದಲ್ಲಿ ಡಾ. ಮೋಹನ್ ಕುಮಾರ್ ತಮ್ಮ ಬಳಿ ಬರುವ ರೋಗಿಗಳಲ್ಲಿ ಕಂಡ ವಿಚಿತ್ರ ಕಾಯಿಲೆಗಳನ್ನು ಗುರುತಿಸಿ ಹೊರಗಿನವರ ಗಮನಕ್ಕೆ ತರುತ್ತಿದ್ದರು. ಸುಪ್ರೀಂ ಕೋರ್ಟ್ 2011ರಲ್ಲಿ ಇಡೀ ದೇಶದಲ್ಲಿ ಎಂಡೋಸಲ್ಫಾನ್ ನಿಲ್ಲಿಸಿತು. ಅದರ ಬೇರಿನಲ್ಲಿ ಇಂಥ ಒಬ್ಬೊಬ್ಬರು ಇದ್ದರು.

ಆದರೂ ಸಾಧ್ಯವಿದ್ದರೆ ಸಹಿ ಸೇರಿಸಿ ಅಂತಲೇ ನಾನು ಹೇಳುತ್ತೇನೆ. ಸಂಖ್ಯೆಗಿಂತ ಮುಖ್ಯ, ಸಹಿ ಹಾಕಿದವರು ಯಾರು ಅನ್ನೋದು. ಕೆರೆ ಕೆಳಗಿನ ಗದ್ದೆಯವರು, ಮೀನು ಹಿಡಿಯುವವರು, ದನ ಮೇಯಿಸುವವರು, ಬಟ್ಟೆ ಒಗೆಯುವವರು, ಅಂಗನವಾಡಿ ಕಾರ್ಯಕರ್ತೆ. ಇಂಥ ಮೂವತ್ತು ಸಹಿ, ದೂರದವರ ಮೂರು ಸಾವಿರ ಸಹಿಗಿಂತ ಗಟ್ಟಿ. ಹೆಸರು, ಮನೆ ಇರುವ ಬೀದಿ ಸ್ಪಷ್ಟವಾಗಿರಲಿ. ಹೆಬ್ಬೆಟ್ಟು ಒತ್ತಿದರೂ ನಡೆಯುತ್ತದೆ. ಪಕ್ಕದಲ್ಲಿ ಯಾರಾದರೂ ಹೆಸರು ಬರೆದು ಸಾಕ್ಷಿ ಸಹಿ ಹಾಕಲಿ. ಆಧಾರ್ ನಂಬರ್ ಬರೆಸಬೇಡಿ, ಅದರ ಅಗತ್ಯ ಇಲ್ಲ.

## ಬರೆಯುವಾಗ

ಮನವಿಯಲ್ಲಿ ಏನೇನು ಇರಬೇಕು? ಒಂದು ಮಾದರಿ ಕೊಡಿ.

ನಮ್ಮ ಮೊದಲ ಮನವಿ ಎರಡೂವರೆ ಪುಟ ಇತ್ತು. ಕೆರೆಯ ಇತಿಹಾಸ, ಹಿರಿಯರ ನೆನಪು, ಒಂಬತ್ತು ಬೇಡಿಕೆಗಳು. ಬರೆಯುವಾಗ ಕಣ್ಣಲ್ಲಿ ನೀರು ಬಂದಿತ್ತು. ಅದಕ್ಕೆ ಸಿಕ್ಕ ಉತ್ತರ ಎರಡೇ ಸಾಲು. ಒಂಬತ್ತರಲ್ಲಿ ಸುಲಭವಾದ ಒಂದನ್ನು ಹಿಡಿದು, "ಬೋರ್ಡ್ ಹಾಕಿಸಲಾಗಿದೆ" ಅಂತ ಬರೆದು ಕಡತ ಮುಚ್ಚಿದ್ದರು. ಆಮೇಲಿಂದ ಒಂದು ಪತ್ರಕ್ಕೆ ಒಂದೇ ಬೇಡಿಕೆ ಅನ್ನುವುದನ್ನು ಪಾಲಿಸುತ್ತಾ ಬಂದಿದ್ದೇನೆ.

ಒಂದು ಪುಟ ಸಾಕು. ಹೀಗಿರಲಿ:

> ಇವರಿಗೆ: ತಹಶೀಲ್ದಾರರು, ______ ತಾಲ್ಲೂಕು.
> ಇವರಿಂದ: (ಹೆಸರು, ಊರು), ಮತ್ತು ಸಹಿ ಮಾಡಿದ ಗ್ರಾಮಸ್ಥರು.
> ವಿಷಯ: ______ ಗ್ರಾಮದ ಸರ್ವೆ ನಂ. ____ರ ಸರ್ಕಾರಿ ಕೆರೆಯ ಗಡಿ ಅಳತೆ ಮಾಡಿಸಿ ಒತ್ತುವರಿ ತೆರವು ಮಾಡಿಸುವ ಬಗ್ಗೆ ಮನವಿ.
> ಮಾನ್ಯರೇ,
> ಮೇಲ್ಕಂಡ ಕೆರೆಯ ವಿಸ್ತೀರ್ಣ ಪಹಣಿಯಂತೆ __ ಎಕರೆ __ ಗುಂಟೆ. ಕೆರೆಯ ಪೂರ್ವ ದಿಕ್ಕಿನಲ್ಲಿ ದಿನಾಂಕ ______ರಿಂದ ಮಣ್ಣು ತುಂಬಿಸಲಾಗುತ್ತಿದೆ. ಇದರಿಂದ ಕೋಡಿ ಕಾಲುವೆ ಮುಚ್ಚಿ, ಕಳೆದ ಮಳೆಗಾಲದಲ್ಲಿ ಕೆಳಗಿನ ಗದ್ದೆಗಳಿಗೆ ನೀರು ನುಗ್ಗಿದೆ. ಆದ್ದರಿಂದ ಭೂಮಾಪಕರಿಂದ ಕೆರೆಯ ಗಡಿ ಅಳತೆ ಮಾಡಿಸಿ, ಗಡಿ ಕಲ್ಲು ನೆಡಿಸಿ, ಒತ್ತುವರಿ ಕಂಡುಬಂದಲ್ಲಿ ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ ಪ್ರಕಾರ ತೆರವು ಮಾಡಿಸಬೇಕೆಂದು ಕೋರುತ್ತೇವೆ. ತೆಗೆದುಕೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿ.
> ಲಗತ್ತು: ಪಹಣಿ ಪ್ರತಿ, ಗ್ರಾಮ ನಕ್ಷೆ, ದಿನಾಂಕವಿರುವ ಫೋಟೋ 4.
> ಪ್ರತಿ: ಉಪವಿಭಾಗಾಧಿಕಾರಿಗಳು, ಜಿಲ್ಲಾಧಿಕಾರಿಗಳು.

ಕೊನೆಯ ಸಾಲನ್ನು ಮರೆಯಬೇಡಿ. "ಲಿಖಿತವಾಗಿ ತಿಳಿಸಿ" ಅಂತ ಕೇಳಿದರೆ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಬರುವ ಸಾಧ್ಯತೆ ಜಾಸ್ತಿ. ಒತ್ತುವರಿ ಮಾಡಿದವರ ಹೆಸರು ಬರೆದು ಜಗಳ ಮೈಮೇಲೆ ಎಳೆದುಕೊಳ್ಳಬೇಡಿ. ಜಾಗ ಅಳೆಯಿರಿ ಅಂತ ಕೇಳಿ. ಅಳತೆ ನಡೆದರೆ ಹೆಸರು ತಾನಾಗೇ ಹೊರಗೆ ಬರುತ್ತದೆ.

ಫೋಟೋ ತೆಗೆದಿದ್ದೀನಿ. ಬೇರೆ ಸಾಕ್ಷಿ ಯಾಕೆ ಬೇಕು?

ಫೋಟೋ ಏನಾಗುತ್ತಿದೆ ಅಂತ ತೋರಿಸುತ್ತದೆ. ಎಲ್ಲಿ, ಯಾರ ಜಾಗದಲ್ಲಿ ಅನ್ನುವುದನ್ನು ತೋರಿಸುವುದಿಲ್ಲ. ಅದಕ್ಕೆ ಪಹಣಿ, ಗ್ರಾಮ ನಕ್ಷೆ ಬೇಕು. ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಂಡು ಸ್ಥಳದಲ್ಲಿ ನಿಂತರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಅಂತ ಗೊತ್ತಾಗುತ್ತದೆ. ಅದು ಅಂದಾಜಿಗೆ ಮಾತ್ರ. ಭೂಮಾಪಕರ ಅಳತೆಯೇ ಅಂತಿಮ.

ಕಾರ್ಖಾನೆಯ ನೀರಿನ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಬಾಟಲಿಯಲ್ಲಿ ನೀರು ತುಂಬಿಸಿ ಖಾಸಗಿ ಲ್ಯಾಬಿಗೆ ಕೊಟ್ಟು ವರದಿ ತರುತ್ತಾರೆ. ದುಡ್ಡೂ ಹೋಗುತ್ತದೆ. 1974ರ ಜಲ ಮಾಲಿನ್ಯ ಕಾಯ್ದೆಯ ಪ್ರಕಾರ ಕೇಸಿಗೆ ನಿಲ್ಲುವುದು ಮಾಲಿನ್ಯ ನಿಯಂತ್ರಣ ಮಂಡಳಿಯವರು ನೋಟಿಸ್ ಕೊಟ್ಟು, ಕ್ರಮ ಪ್ರಕಾರ ತೆಗೆದ ಮಾದರಿ. ನಿಮ್ಮ ಲ್ಯಾಬ್ ವರದಿ ಅನುಮಾನಕ್ಕೆ ಬಲ ಕೊಡುತ್ತದೆ, ಅಷ್ಟೆ. ಹಾಗಾಗಿ ಮನವಿಯಲ್ಲಿ ಕೇಳಬೇಕಾದದ್ದು ಇದು: "ನಿಮ್ಮ ಅಧಿಕಾರಿಗಳು ಬಂದು ಮಾದರಿ ತೆಗೆಯಲಿ, ಪರೀಕ್ಷಾ ವರದಿಯ ಪ್ರತಿ ನಮಗೆ ಕೊಡಿ." ಜೊತೆಗೆ ಒಂದು ನೋಟ್‌ಬುಕ್ ಇಡಿ. ಯಾವ ದಿನ, ಎಷ್ಟು ಗಂಟೆಗೆ ನೊರೆ ಬಂತು, ಬಣ್ಣ ಏನು, ವಾಸನೆ ಹೇಗಿತ್ತು, ಮೀನು ಸತ್ತಿದ್ದು ಯಾವಾಗ. ರಾತ್ರಿ ಹನ್ನೊಂದಕ್ಕೆ ನೀರು ಬಿಡುವ ಕಡೆ ಬೆಳಿಗ್ಗೆ ಹನ್ನೊಂದಕ್ಕೆ ಮಾದರಿ ತೆಗೆದರೆ ಏನು ಸಿಗುತ್ತದೆ ಹೇಳಿ? ನಿಮ್ಮ ನೋಟ್‌ಬುಕ್ ಇದ್ದರೆ ಸರಿಯಾದ ಹೊತ್ತಿಗೆ ಬನ್ನಿ ಅಂತ ಕೇಳಬಹುದು.

ದೊಡ್ಡ ಯೋಜನೆಗಳಲ್ಲಂತೂ ಲೆಕ್ಕವೇ ಸಾಕ್ಷಿ. 1980ರ ಸುಮಾರಿಗೆ ಬೇಡ್ತಿ ಜಲವಿದ್ಯುತ್ ಯೋಜನೆ ಬಂದಾಗ ಶಿರಸಿ ಸೀಮೆಯ ಅಡಿಕೆ ಬೆಳೆಗಾರರು ಬೇಡ ಅಂದು ಸುಮ್ಮನಾಗಲಿಲ್ಲ. ವಿಜ್ಞಾನಿಗಳನ್ನು ಕರೆಸಿ, ಮುಳುಗುವ ತೋಟ, ಕಾಡಿನ ಬೆಲೆಯನ್ನೂ ಸೇರಿಸಿ ಯೋಜನೆಯ ಲಾಭ ನಷ್ಟವನ್ನು ಮತ್ತೆ ಲೆಕ್ಕ ಹಾಕಿಸಿದರು. ಆ ಯೋಜನೆಯನ್ನು ಸರ್ಕಾರ ಆಗ ಕೈಬಿಟ್ಟಿತು. ನನಗೆ ಇವತ್ತಿಗೂ ಇದು ದೊಡ್ಡ ಪಾಠ.

ಆನ್‌ಲೈನ್‌ನಲ್ಲಿ ಸಹಿ ಅಭಿಯಾನ ಮಾಡಿದರೆ ಸಾಲದಾ?

ಸಾಲದು. ಅದು ಸುದ್ದಿ ಹರಡಲು, ಜನ ಸೇರಿಸಲು ಒಳ್ಳೆಯದು. ಆದರೆ ಅದರಿಂದ ಕಚೇರಿಯಲ್ಲಿ ಕಡತ ಹುಟ್ಟುವುದಿಲ್ಲ. ಬಂದ ಸಹಿಗಳನ್ನು ಮುದ್ರಿಸಿ, ಮೇಲೆ ಒಂದು ಪುಟದ ಮನವಿ ಇಟ್ಟು, ಕಚೇರಿಗೆ ಕೊಟ್ಟು ಸೀಲು ಹಾಕಿಸಿಕೊಳ್ಳಿ.

ಬೆಂಗಳೂರಿನ ಉಕ್ಕಿನ ಮೇಲ್ಸೇತುವೆ ನೆನಪಿದೆಯಲ್ಲ? ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್, ಸುಮಾರು 1,791 ಕೋಟಿ ರೂಪಾಯಿ, 812 ಮರ. 2016ರ ಅಕ್ಟೋಬರ್‌ನಲ್ಲಿ ಜನ ಆನ್‌ಲೈನ್‌ನಲ್ಲೂ ಬರೆದರು, ರಸ್ತೆ ಬದಿಯಲ್ಲಿ ಮಾನವ ಸರಪಳಿಯನ್ನೂ ಕಟ್ಟಿದರು, ಪರಿಸರ ವ್ಯಾಜ್ಯಗಳನ್ನು ಕೇಳುವ ಹಸಿರು ನ್ಯಾಯಮಂಡಳಿಗೂ ಹೋಗಿ ತಡೆ ತಂದರು. ಎಲ್ಲಾ ಸೇರಿ 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು.

## ಕೊಟ್ಟ ಮೇಲೆ

ಮನವಿ ಕೊಟ್ಟೆವು. ಆದರೆ ಸ್ವೀಕೃತಿ ಕೊಡಲ್ಲ ಅಂತಾರೆ. ಏನು ಮಾಡೋದು?

ಸಾಹೇಬರ ಕೈಗೆ ಕೊಟ್ಟು ಫೋಟೋ ತೆಗೆಸಿಕೊಂಡು ಬರುವುದು ಸಾಮಾನ್ಯ. ಆ ಫೋಟೋ ಪತ್ರಿಕೆಯಲ್ಲಿ ಬರಬಹುದು, ಆದರೆ ಪತ್ರ ಎಲ್ಲಿ ಹೋಯಿತು ಅಂತ ಆಮೇಲೆ ಯಾರಿಗೂ ಗೊತ್ತಿರುವುದಿಲ್ಲ. ನಮಗೆ ಹೀಗೇ ಆಯಿತು. ಒಂದು ಕಚೇರಿಯಲ್ಲಿ ದೊಡ್ಡ ಅಧಿಕಾರಿ ನಮ್ಮ ಮನವಿಯನ್ನು ನಗುತ್ತಲೇ ತಗೊಂಡರು. ಎರಡು ತಿಂಗಳ ನಂತರ ಹೋಗಿ ಕೇಳಿದರೆ ಅಂಥ ಪತ್ರ ಬಂದೇ ಇಲ್ಲ ಅಂದರು. ಊರಿನ ಅರವತ್ತು ಜನರ ಸಹಿ ಇತ್ತು ಅದರಲ್ಲಿ. ಆ ಸಹಿಗಳಲ್ಲಿ ಇಬ್ಬರು ಅಜ್ಜಿಯರು ಅಷ್ಟರಲ್ಲಿ ತೀರಿಕೊಂಡಿದ್ದರು. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಎರಡು ಪ್ರತಿ ತಗೊಂಡು ಹೋಗಿ. ಒಂದು ಟಪಾಲು ವಿಭಾಗಕ್ಕೆ. ಇನ್ನೊಂದರ ಮೇಲೆ ಸೀಲು, ತಾರೀಕು, ಇನ್ವರ್ಡ್ ನಂಬರ್ ಹಾಕಿಸಿಕೊಂಡು ಮನೆಗೆ ತನ್ನಿ. ಮೂಲ ಸಹಿ ಪಟ್ಟಿಯ ಜೆರಾಕ್ಸ್ ನಿಮ್ಮ ಹತ್ತಿರ ಇರಲಿ. ಕೊಡಲ್ಲ ಅಂದರೆ ವಾದ ಬೇಡ. ಹೊರಗೆ ಬಂದು ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ. ಆ ರಸೀದಿ, ತಲುಪಿದ ಬಗ್ಗೆ ಆನ್‌ಲೈನ್‌ನಲ್ಲಿ ಸಿಗುವ ವಿವರದ ಪ್ರಿಂಟು, ಇವೆರಡೂ ಸ್ವೀಕೃತಿಯ ಕೆಲಸ ಮಾಡುತ್ತವೆ.

1902ಕ್ಕೆ ಫೋನ್ ಮಾಡಿದರೆ ಸಾಕಾ?

ಬೀದಿ ದೀಪ, ಕಸ, ಒಡೆದ ಪೈಪು ಇಂಥದ್ದಕ್ಕೆ ಜನಸ್ಪಂದನ ಸಹಾಯವಾಣಿ ಒಳ್ಳೆಯದು. ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಒತ್ತುವರಿ, ಮಾಲಿನ್ಯದಂಥ ಉದ್ದದ ವಿಷಯಕ್ಕೆ ಕಾಗದವೇ ಬೇಕು.

ಮೂರು ತಿಂಗಳಾಯ್ತು, ಉತ್ತರವೇ ಇಲ್ಲ. ಮತ್ತೊಂದು ಮನವಿ ಕೊಡಬೇಕಾ?

ಬೇಡ. ಈಗ ಮಾಹಿತಿ ಹಕ್ಕು ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, ಪೋಸ್ಟಲ್ ಆರ್ಡರ್ ಇಟ್ಟರೆ ಆಯಿತು. ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಅಂತ ಇದೆ. ನೆನಪಿಡಿ, ಇದೇ ನೆಪದಲ್ಲಿ ವಾಪಸ್ ಬರಬಾರದು.

"ಯಾಕೆ ಕ್ರಮ ತಗೊಂಡಿಲ್ಲ?" ಅಂತ ಕೇಳಬೇಡಿ. ಯಾಕೆ ಅನ್ನುವುದಕ್ಕೆ ಕಾಗದ ಇರುವುದಿಲ್ಲ, ಆದ್ದರಿಂದ ಉತ್ತರವೂ ಇರುವುದಿಲ್ಲ. ಹೀಗೆ ಕೇಳಿ: ಇಂಥ ತಾರೀಕು, ಇಂಥ ಇನ್ವರ್ಡ್ ನಂಬರಿನ ನಮ್ಮ ಮನವಿಯ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ ಕೊಡಿ. ಸ್ಥಳ ಪರಿಶೀಲನೆ ಮಾಡಿದ್ದರೆ ಆ ವರದಿಯ ಪ್ರತಿ ಕೊಡಿ. ಕಡತ ಈಗ ಯಾವ ಅಧಿಕಾರಿಯ ಬಳಿ ಇದೆ, ಹುದ್ದೆ ತಿಳಿಸಿ. ಕಡತವನ್ನು ನಾವೇ ನೋಡಲು ದಿನ ಗೊತ್ತುಮಾಡಿ.

30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ, ಅಥವಾ ಅರೆಬರೆ ಬಂದರೆ, 30 ದಿನದೊಳಗೆ ಅದೇ ಕಚೇರಿಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಅದೂ ಸರಿಹೋಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಆಯೋಗದಲ್ಲಿ ಸರದಿ ಉದ್ದ ಇದೆ, ಕಾಯಬೇಕಾಗುತ್ತದೆ. ಆದರೆ ಎಷ್ಟೋ ಸಲ ಮಾಹಿತಿ ಹಕ್ಕು ಅರ್ಜಿ ತಲುಪಿದ ವಾರದಲ್ಲೇ ಭೂಮಾಪಕರು ಚೈನು ಹಿಡಿದು ಊರಿಗೆ ಬಂದಿದ್ದನ್ನು ನಾನು ಕಂಡಿದ್ದೇನೆ.

‘ನಿಯಮಾನುಸಾರ ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು’ ಅಂತ ಹಿಂಬರಹ ಬಂತು. ಇದು ಗೆದ್ದ ಹಾಗಾ?

ಇಲ್ಲ. ಆದರೆ ಎಸೆಯಬೇಡಿ. ಕ್ರಮ ತಗೊಳ್ಳುವುದು ತಮ್ಮ ಕೆಲಸ ಅಂತ ಅವರೇ ಬರೆದುಕೊಟ್ಟಿದ್ದಾರೆ. ಮುಂದಿನ ಪತ್ರದಲ್ಲಿ ಆ ಹಿಂಬರಹದ ಸಂಖ್ಯೆ, ತಾರೀಕು ಹಾಕಿ "ಯಾವ ದಿನಾಂಕದೊಳಗೆ?" ಅಂತ ಮಾತ್ರ ಕೇಳಿ.

ಗ್ರಾಮಸಭೆಯಲ್ಲಿ ಹೇಳಿದರೆ ಏನಾದ್ರೂ ಪ್ರಯೋಜನ ಇದೆಯಾ?

ಇದೆ, ಮಾತು ನಡಾವಳಿ ಪುಸ್ತಕದಲ್ಲಿ ಬರೆಯಲ್ಪಟ್ಟರೆ. ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಬೇಕು. ನಿಮ್ಮ ಬೇಡಿಕೆಯನ್ನು ಮೊದಲೇ ಬರೆದುಕೊಂಡು ಹೋಗಿ, ಓದಿ, ಠರಾವು ಮಾಡಿಸಿ, ಎದ್ದು ಬರುವ ಮುಂಚೆ ಪುಸ್ತಕದಲ್ಲಿ ಏನು ಬರೆದರು ಅಂತ ಓದಿಸಿ ಕೇಳಿ. ಆಮೇಲೆ ನಡಾವಳಿಯ ದೃಢೀಕೃತ ಪ್ರತಿ ತಗೊಳ್ಳಿ. ಮನವಿಗೆ ಅದನ್ನು ಲಗತ್ತಿಸಿದರೆ ಅದು ನಿಮ್ಮೊಬ್ಬರ ಮಾತಾಗಿ ಉಳಿಯದೆ ಊರಿನ ಮಾತಾಗುತ್ತದೆ.

## ದೊಡ್ಡ ಯೋಜನೆ ಬಂದಾಗ

ರಸ್ತೆ ಅಗಲ ಮಾಡೋಕೆ ನಮ್ಮೂರ ಸಾಲುಮರ ಕಡೀತಾರಂತೆ. ತಡೆಯೋಕೆ ಆಗುತ್ತಾ?

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಂತೆ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಸಾರ್ವಜನಿಕ ಕೆಲಸಕ್ಕೇ ಆದರೂ 50ಕ್ಕಿಂತ ಜಾಸ್ತಿ ಮರ ಹೋಗುವುದಾದರೆ ಸಾರ್ವಜನಿಕರಿಗೆ ನೋಟಿಸ್ ಕೊಟ್ಟು ಆಕ್ಷೇಪಣೆ ಕೇಳಬೇಕು. ಅದಕ್ಕೆ ಸಿಗುವುದು ಕೆಲವೇ ದಿನ. ಮರಗಳ ಮೇಲೆ ನಂಬರ್ ಬರೆದದ್ದು ಕಂಡರೆ ಅವತ್ತೇ ವಲಯ ಅರಣ್ಯ ಕಚೇರಿಗೆ ಹೋಗಿ ಕೇಳಿ.

ಮರ ಕಡಿಯಬೇಡಿ, ರಸ್ತೆ ಬೇಡ ಅಂತ ಮಾತ್ರ ಬರೆದರೆ ಉಪಯೋಗ ಕಡಿಮೆ. ಒಂದೊಂದೇ ಮರದ ಜಾತಿ, ಸುತ್ತಳತೆ, ರಸ್ತೆಯಿಂದ ದೂರ ಪಟ್ಟಿ ಮಾಡಿ. ಶಾಲೆ ಮಕ್ಕಳು ಒಂದು ಬೆಳಿಗ್ಗೆಯಲ್ಲಿ ಮಾಡುವ ಕೆಲಸ ಇದು. ಇಂಥ 40 ಮರ ಉಳಿಸಿಯೂ ರಸ್ತೆ ಮಾಡಬಹುದು ಅಂತ ನಕ್ಷೆ ಸಮೇತ ತೋರಿಸಿದರೆ ಅಧಿಕಾರಿಗೂ ಒಪ್ಪಿಕೊಳ್ಳಲು ಒಂದು ದಾರಿ ಸಿಗುತ್ತದೆ.

ಕಾರ್ಖಾನೆಗೆ ಸಾರ್ವಜನಿಕ ಅಹವಾಲು ಸಭೆ ಇಟ್ಟಿದ್ದಾರೆ. ಬಹಿಷ್ಕಾರ ಹಾಕೋಣವಾ?

ಈ ಪ್ರಶ್ನೆ ನನಗೆ ಅತಿ ಹೆಚ್ಚು ಬಂದಿದೆ. ನನ್ನ ಉತ್ತರ ಯಾವಾಗಲೂ ಒಂದೇ: ಹಾಕಬೇಡಿ.

2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಈ ಸಭೆಗೆ ಕೋರಂ, ಅಂದರೆ ಕನಿಷ್ಠ ಇಷ್ಟು ಜನ ಇರಲೇಬೇಕು ಅನ್ನುವ ನಿಯಮ, ಇಲ್ಲ. ಹತ್ತೇ ಜನ ಬಂದರೂ ಸಭೆ ನಡೆದಂತೆಯೇ. ನೀವು ಹೊರಗೆ ಧಿಕ್ಕಾರ ಕೂಗುತ್ತಿದ್ದಾಗ ಒಳಗೆ ನಾಲ್ಕು ಜನ "ಕೆಲಸ ಸಿಗುತ್ತೆ, ಸ್ವಾಗತ" ಅಂದರೆ ನಡಾವಳಿಯಲ್ಲಿ ಉಳಿಯುವುದು ಅದೇ ಮಾತು.

ಸಭೆ ನಡೆಸುವುದು ಮಾಲಿನ್ಯ ನಿಯಂತ್ರಣ ಮಂಡಳಿ. ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಹಿರಿಯ ಅಧಿಕಾರಿ ಅಧ್ಯಕ್ಷತೆ ವಹಿಸಬೇಕು. ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಯೋಜನೆಯ ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರ, ಸ್ಥಳೀಯ ಸಂಸ್ಥೆಯಲ್ಲಿ ನೋಡಲು ಸಿಗಬೇಕು. ಅದರ ಸಾರಾಂಶ ಕನ್ನಡದಲ್ಲೂ ಇರಬೇಕು. ಇದರಲ್ಲಿ ಏನು ತಪ್ಪಿದ್ದರೂ ಸಭೆಗೆ ಮುಂಚೆಯೇ ಬರೆದು ಕೊಡಿ. ಸಭೆಯಲ್ಲಿ ಎದ್ದು ನಿಂತು ಅದನ್ನು ಓದಿ, ದಾಖಲಿಸಿಕೊಳ್ಳಿ ಅಂತ ಕೇಳಿ.

ಆ 30 ದಿನವನ್ನು ವರದಿ ಓದಲು ಬಳಸಿ. ಪೂರ್ತಿ ಬೇಡ, ನಿಮ್ಮ ಊರಿನ ಬಗ್ಗೆ ಬರೆದದ್ದನ್ನು ಓದಿ. ಹತ್ತು ಕಿಲೋಮೀಟರ್ ಸುತ್ತ ಯಾವ ಕೆರೆ ಇದೆ ಅಂತ ಬರೆದಿದ್ದಾರೆ? ನಿಮ್ಮ ಶಾಲೆ, ಹಳ್ಳ, ಗೋಮಾಳ ಅದರಲ್ಲಿ ಇದೆಯಾ? ನೀರು ಎಲ್ಲಿಂದ, ಎಷ್ಟು? ಬಿಟ್ಟುಹೋದದ್ದನ್ನು ಪಟ್ಟಿ ಮಾಡಿ, ಒಬ್ಬೊಬ್ಬರು ಒಂದೊಂದು ವಿಷಯ ಹಂಚಿಕೊಂಡು ಮಾತಾಡಿ. ಹೆಂಗಸರು ಖಂಡಿತ ಮಾತಾಡಲಿ. ನೀರು ಹೊರುವವರು ಹೇಳಿದ ಹಾಗೆ ನೀರಿನ ವಿಷಯ ಬೇರೆ ಯಾರಿಗೂ ಹೇಳಲು ಬರುವುದಿಲ್ಲ. ಇಡೀ ಸಭೆಯ ವಿಡಿಯೊ ಆಗಬೇಕು. ಕೊನೆಯಲ್ಲಿ ನಡಾವಳಿ ಓದಿ ಹೇಳಬೇಕು. ಅದು ಆಗುವವರೆಗೆ ಎದ್ದು ಬರಬೇಡಿ, ಎಷ್ಟೇ ಹಸಿವಾದರೂ. ಬರಲಾಗದವರು ಮಂಡಳಿಗೆ ಪತ್ರ ಬರೆದರೂ ಅದು ಲೆಕ್ಕಕ್ಕೆ ಬರುತ್ತದೆ. ಎದ್ದ ಪ್ರತಿ ಪ್ರಶ್ನೆಗೂ ಕಂಪನಿ ತನ್ನ ಅಂತಿಮ ವರದಿಯಲ್ಲಿ ಉತ್ತರ ಕೊಡಬೇಕು.

ಕರಡು ಅಧಿಸೂಚನೆ ಬಂದಿದೆ ಅಂತಾರೆ. ಕರಡು ತಾನೇ, ಆಮೇಲೆ ನೋಡಿದರಾಯ್ತಲ್ವಾ?

ಕರಡು ಇರುವಾಗಲೇ ನೋಡಬೇಕು. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಆರನೇ ಕರಡು ಹೊರಬಿದ್ದಿದ್ದು 2024ರ ಜುಲೈ 31ಕ್ಕೆ. ಅದರಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಸೇರಿದೆ. ಆಕ್ಷೇಪಣೆಗೆ ಕೊಟ್ಟದ್ದು 60 ದಿನ. ಮಲೆನಾಡಿನಲ್ಲಿ ಇದರ ಪರವಾಗಿಯೂ ಜನ ಇದ್ದಾರೆ, ವಿರುದ್ಧವಾಗಿಯೂ ಇದ್ದಾರೆ. ನೀವು ಯಾವ ಕಡೆ ಇದ್ದರೂ ಸರಿ, ಮೊದಲು ಅನುಬಂಧದ ಪಟ್ಟಿಯಲ್ಲಿ ನಿಮ್ಮ ಊರಿನ ಹೆಸರಿದೆಯಾ ನೋಡಿ. ನಮ್ಮ ಮನೆ ಕಟ್ಟಲು ಬಿಡಲ್ಲ, ದನ ಸಾಕಲು ಬಿಡಲ್ಲ ಅನ್ನುವ ಸುದ್ದಿ ಕೇಳಿ ಬರೆಯಬೇಡಿ. ಗಣಿ, ಕ್ವಾರಿ, ಕೆಂಪು ವರ್ಗದ (ಹೆಚ್ಚು ಮಾಲಿನ್ಯ ಮಾಡುವ) ಕಾರ್ಖಾನೆ ಹೀಗೆ ಕರಡಿನಲ್ಲಿ ನಿಜವಾಗಿ ನಿಷೇಧಿಸಿರುವುದು ಏನು ಅಂತ ಓದಿ, ಯಾವ ಸಾಲಿಗೆ ನಿಮ್ಮ ಒಪ್ಪಿಗೆ, ಯಾವುದಕ್ಕೆ ಇಲ್ಲ ಅಂತ ಬರೆಯಿರಿ.

ನಮ್ಮದು ಕಾಡಂಚಿನ ಊರು. ಅರಣ್ಯ ಹಕ್ಕಿನ ಅರ್ಜಿ ತಿರಸ್ಕಾರ ಆಗಿದೆ. ಮನವಿ ಕೊಟ್ಟರೆ ಸರಿಹೋಗುತ್ತಾ?

ಇದಕ್ಕೆ ಸುಮ್ನೆ ಮನವಿ ಕೊಡುತ್ತಾ ಕೂರಬೇಡಿ, ಮೇಲ್ಮನವಿ ಹಾಕಿ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಗ್ರಾಮಸಭೆಯ ತೀರ್ಮಾನದ ವಿರುದ್ಧ ಉಪವಿಭಾಗ ಸಮಿತಿಗೆ 60 ದಿನ, ಅಲ್ಲಿನ ತೀರ್ಮಾನದ ವಿರುದ್ಧ ಜಿಲ್ಲಾ ಸಮಿತಿಗೆ 60 ದಿನ ಇದೆ. ತಿರಸ್ಕಾರಕ್ಕೆ ಕಾರಣವನ್ನು ಲಿಖಿತವಾಗಿ ಕೊಟ್ಟಿಲ್ಲದಿದ್ದರೆ ಮೊದಲು ಅದನ್ನು ಕೇಳಿ ಪಡೆಯಿರಿ. ಇತರೆ ಪಾರಂಪರಿಕ ಅರಣ್ಯವಾಸಿಗಳು, ಅಂದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು, 75 ವರ್ಷದ ವಾಸ ತೋರಿಸಬೇಕು. ಅದಕ್ಕೆ ಹಳೆಯ ಸರ್ಕಾರಿ ಕಾಗದವೇ ಆಗಬೇಕೆಂದಿಲ್ಲ. ಹಿರಿಯರ ಲಿಖಿತ ಹೇಳಿಕೆ, ಹಳೆಯ ಬಾವಿ, ಸಮಾಧಿ, ಮನೆಯ ಕುರುಹು ಕೂಡ ಸಾಕ್ಷಿ. ಹಿರಿಯರು ಇರುವಾಗಲೇ ಹೇಳಿಕೆ ಬರೆಸಿಕೊಳ್ಳಿ.

## ಮನವಿಯಿಂದಾಚೆ

ಇಷ್ಟು ಓಡಾಡಿದ್ದು ಸಾಕು, ಕೋರ್ಟಿಗೆ ಹೋಗೋಣ ಅಂತಾರೆ. ಯಾವಾಗ ಹೋಗಬೇಕು?

ಇಲ್ಲಿ ಒಂದು ಎಚ್ಚರಿಕೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಲು ವಿವಾದ ಹುಟ್ಟಿದ ದಿನದಿಂದ ಆರು ತಿಂಗಳು. ಸರಿಯಾದ ಕಾರಣ ಇದ್ದರೆ ಇನ್ನು 60 ದಿನ. ಪರಿಸರ ಅನುಮತಿಯನ್ನು ಪ್ರಶ್ನಿಸಲು 30 ದಿನ, ಕಾರಣ ಇದ್ದರೆ ಮತ್ತೆ 60. ನೀವು ಮನವಿ ಕೊಡುತ್ತಾ ಕಾಯುತ್ತಿದ್ದಿರಿ ಅಂತ ಗಡಿಯಾರ ನಿಲ್ಲುವುದಿಲ್ಲ. ಮಣ್ಣು ಸುರಿಯಲು ಶುರುವಾದ ದಿನವನ್ನು ಮೊದಲ ದಿನವೇ ಬರೆದಿಡಿ. ನಾಲ್ಕನೇ ತಿಂಗಳಿಗೆ ವಕೀಲರ ಹತ್ತಿರ ಮಾತಾಡಿ.

ನಮ್ಮ ರಾಜ್ಯಕ್ಕೆ ಚೆನ್ನೈನ ದಕ್ಷಿಣ ಪೀಠ. ಪರಿಹಾರದ ಹಣ ಕೇಳದೆ ಇದ್ದರೆ ಅರ್ಜಿ ಶುಲ್ಕ 1000 ರೂಪಾಯಿ. ಕನ್ನಡದ ಕಾಗದಗಳಿಗೆ ಇಂಗ್ಲಿಷ್ ಅನುವಾದ ಬೇಕಾಗುತ್ತದೆ. ಕೆರೆ, ರಾಜಕಾಲುವೆಯಂಥ ಸರ್ಕಾರಿ ಜಾಗದ ಕಬಳಿಕೆಗೆ ಬೆಂಗಳೂರಿನಲ್ಲಿ ಭೂಕಬಳಿಕೆ ನಿಷೇಧ ವಿಶೇಷ ನ್ಯಾಯಾಲಯ ಇದೆ. ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕುವವರು ಉತ್ತರ ಕರ್ನಾಟಕದವರಾದರೆ ಧಾರವಾಡ, ಕಲಬುರಗಿ ಪೀಠಗಳಿವೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ.

ಕೋರ್ಟಿಗೆ ಹೋದ ಮೇಲೆ ಊರಿನ ಕೆಲಸ ನಿಲ್ಲಿಸಬಾರದು. 1984ರಲ್ಲಿ ಸರ್ಕಾರ ಒಂದು ಜಂಟಿ ಕಂಪನಿ ಮಾಡಿ, ನೀಲಗಿರಿ ಬೆಳೆಯಲು ಸುಮಾರು 30,000 ಹೆಕ್ಟೇರ್ ಸಿ ಮತ್ತು ಡಿ ವರ್ಗದ ಸರ್ಕಾರಿ ಭೂಮಿ ಕೊಡಲು ಹೊರಟಿತ್ತು. ಹಳ್ಳಿಯವರ ಮೇವು, ಸೌದೆ ಎಲ್ಲಾ ಆ ಜಾಗದಿಂದ ಬರುತ್ತಿತ್ತು. ಶಿವರಾಮ ಕಾರಂತರು, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮತ್ತಿತರರು 1986ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಹೋಗಿ ಸುಮ್ಮನೆ ಕೂರಲಿಲ್ಲ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ "ಕಿತ್ತಿಕೋ ಹಚ್ಚಿಕೋ" ಸತ್ಯಾಗ್ರಹ ಮಾಡಿದರು. ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಸಸಿ ಹಚ್ಚಿದರು. 1991ರಲ್ಲಿ ಆ ಕಂಪನಿಯೇ ಮುಚ್ಚಿತು.

ಸಹಿ ಹಾಕಿದ್ದಕ್ಕೆ ಬೆದರಿಕೆ ಬರ್ತಿದೆ. ಹೆಸರು ವಾಪಸ್ ತಗೊಳ್ಳಲಾ?

ನಿಮ್ಮ ಜೀವಕ್ಕಿಂತ ಯಾವ ಕೆರೆಯೂ ದೊಡ್ಡದಲ್ಲ. ಇದನ್ನು ಮನಸಾರೆ ಹೇಳುತ್ತಿದ್ದೇನೆ. ಹೆಸರು ತೆಗೆಸಬೇಕು ಅನಿಸಿದರೆ ತೆಗೆಸಿ, ಯಾರೂ ನಿಮ್ಮನ್ನು ಹೀಗಳೆಯಬಾರದು.

ನಿಲ್ಲುವ ಮನಸ್ಸಿದ್ದರೆ ಒಬ್ಬರೇ ನಿಲ್ಲಬೇಡಿ. ಬೆದರಿಕೆ ಬಂದ ದಿನ, ಹೊತ್ತು, ಮಾತು, ಫೋನ್ ನಂಬರ್ ಬರೆದು ಅವತ್ತೇ ಠಾಣೆಗೆ ದೂರು ಕೊಟ್ಟು ರಸೀದಿ ತಗೊಳ್ಳಿ, ಪ್ರತಿಯನ್ನು ಎಸ್‌ಪಿ ಕಚೇರಿಗೂ ಕಳಿಸಿ. ಮುಂದಿನ ಮನವಿಗಳನ್ನು ಸಂಘದ ಹೆಸರಿನಲ್ಲಿ, ಬೇರೆ ಬೇರೆಯವರ ಸಹಿಯಲ್ಲಿ ಕಳಿಸಿ. ಕಾಗದಗಳ ಪ್ರತಿ ಮೂರು ಮನೆಗಳಲ್ಲಿ ಇರಲಿ.

ಆದೇಶ ಆಯ್ತು, ತೆರವೂ ಮಾಡಿದರು. ಇನ್ನು ಕಡತ ಎತ್ತಿಡಬಹುದಾ?

ಇನ್ನೂ ಇಲ್ಲ. ಗಡಿ ಕಲ್ಲು ನೆಟ್ಟರಾ ನೋಡಿ. ಅಳತೆಯ ನಕ್ಷೆಯ ದೃಢೀಕೃತ ಪ್ರತಿ ತಗೊಳ್ಳಿ. ನಮ್ಮ ಕೆರೆಯಲ್ಲಿ ತೆರವಾದ ಎರಡನೇ ಮಳೆಗಾಲಕ್ಕೆ ಮೂರು ಕಲ್ಲು ಕಾಣೆಯಾಗಿದ್ದವು. ನಕ್ಷೆ ಇದ್ದುದರಿಂದ ಒಂದೇ ಪತ್ರಕ್ಕೆ ಮತ್ತೆ ಅಳೆದು ನೆಟ್ಟುಕೊಟ್ಟರು. ಈಗ ಪ್ರತಿ ವರ್ಷ ಯುಗಾದಿ ಆದ ಭಾನುವಾರ ಊರಿನ ಹುಡುಗರು ಕೆರೆ ಸುತ್ತಿ ಕಲ್ಲು ಎಣಿಸುತ್ತಾರೆ. ಕಳೆದ ಸಲ ಎಣಿಸಿದಾಗ ಇಪ್ಪತ್ತಾರೂ ಇದ್ದವು.